ಮೇಸ್ತ್ರಿ ಉಳಿಸಿದ ಹಾಲು

ಲಂಡನ್ನಿನಲ್ಲಿ ಬಿಲ್ಡರ್ ಕರೆದವರಿಗೆಲ್ಲ ಎರಡು ಸಿಗುವುದು ಖಾತ್ರಿ: ಗೋಡೆಯಲ್ಲೊಂದು ತೂತು, ಹೇಳಿಕೊಳ್ಳಲೊಂದು ಕತೆ. ತೂತನ್ನು ಎಂದಾದರೂ ಮುಚ್ಚುತ್ತಾರೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು, ಹ್ಯಾರೋದ ನಮ್ಮ ಅಡುಗೆಮನೆಯನ್ನು ಹಿತ್ತಿಲ ಕಡೆಗೆ ಹಿಗ್ಗಿಸಲು ಹೊರಟೆವು.

ಮನೆ ಕೊಂಡಾಗ ಅತ್ತೆಗೆ ವೀಸಾ ಸಿಕ್ಕಿರಲಿಲ್ಲ. ಹಾಲು ಉಕ್ಕಿಸದೆಯೇ ಒಳಗೆ ಬಂದುಬಿಟ್ಟಿದ್ದೆವು. ಅಂದಿನಿಂದ ಬಾಯ್ಲರ್ ಕೆಟ್ಟರೂ, ಡಾಕ್ಟರಾದ ನನ್ನ ಗಂಡ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದರೂ, ಧಾರವಾಡದಿಂದ ಫೋನಿನಲ್ಲಿ ಅತ್ತೆ ಕೊಡುತ್ತಿದ್ದುದು ಒಂದೇ ಕಾರಣ: "ಹಾಲು ಉಕ್ಕಿಸಿಲ್ಲಲ್ಲಾ!" ಈ ಸಲ ಆ ಬಾಕಿ ತೀರಿಸಲೆಂದೇ ಅತ್ತೆ ಬಂದಿಳಿದಿದ್ದರು. ಹೊಸ ಅಡುಗೆಮನೆಯಲ್ಲಿ ಎರಡು ತಿಂಗಳ ಮೇಲಿನ ಒಂದು ಶುಕ್ರವಾರ ಬೆಳಿಗ್ಗೆ ಮುಹೂರ್ತ, ಮರುದಿನ ಶನಿವಾರ ಅವರು ಮರಳುವ ವಿಮಾನ.

೧. ಗಾಳಿ

ಬಿಲ್ಡರ್ ಸ್ಕಾಟ್ಲೆಂಡಿನ ಉತ್ತರ ತುದಿಯನ್ನೂ ದಾಟಿದ ಯಾವುದೋ ದ್ವೀಪದವನು. ಅತ್ತೆ ಬಾಯಲ್ಲಿ 'ಮೇಸ್ತ್ರಿ' ಆದ. ಹರೆಯದಲ್ಲಿ ಅಲ್ಲಿ ಸಮುದ್ರದಡಿಯ ಕಚ್ಚಾ ಎಣ್ಣೆ ತೆಗೆಯಲು ಬಂದ ಕೆಲಸಗಾರರಿಗೆ ಶೆಡ್ ಕಟ್ಟುತ್ತಿದ್ದನಂತೆ. ಸೋಮವಾರ ಛಾವಣಿ ಹೊದಿಸಿದರೆ ಬುಧವಾರ ಗಾಳಿಗೆ ಹಾರಿ ಅದು ಸಮುದ್ರದಲ್ಲಿ. ಗುರುವಾರ ಮತ್ತೆ ಹೊದಿಸು.

"ಗಾಳಿಯೇ ಇಲ್ಲದ ಹ್ಯಾರೋದಲ್ಲಿ ಹಾಗಾದರೆ ಬೇಗ ಮುಗಿಯುತ್ತದೆ, ಅಲ್ಲವಾ?" ಎಂದೆ.

ಅವನು ಗೋಡೆ ತಟ್ಟಿ ನೋಡಿದ. ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ. "ಗಾಳಿಯಿಲ್ಲ, ನಿಜ. ಇಟ್ಟಿಗೆ ಇಟ್ಟಿಗೆಗೂ ಪರವಾನಗಿ ಕೇಳುವ ಕೌನ್ಸಿಲ್ ಇದೆಯಲ್ಲ!"

೨. ಪೂರ್ವ ದಿಕ್ಕು

ಅತ್ತೆಗೆ ಇಂಗ್ಲಿಷ್ ಬಾರದು. ಮೇಸ್ತ್ರಿಯ ಇಂಗ್ಲಿಷ್ ನಮಗೇ ಅರ್ಥವಾಗದು. ಅವರಿಬ್ಬರೂ ಮಾತ್ರ ಚಹಾ ಕಪ್ಪು ಹಿಡಿದು ದಿನವಿಡೀ ಹರಟುತ್ತಿದ್ದರು.

"ಅದೇನು ಮಾತಾಡ್ತೀರಿ ಅತ್ತೆ?"

"ನಾಕು ಮನಿ ಕಟ್ಟಿಸಿದಾಕಿ ನಾ. ಮೇಸ್ತ್ರಿ ಕೂಡ ಮಾತಾಡ್ಲಿಕ್ಕೆ ಭಾಷಾ ಯಾಕ ಬೇಕು?"

ಆ ಹರಟೆಯ ಫಲವಾಗಿ, ಅಡುಗೆ ಮಾಡುವವರ ಮುಖ ಪೂರ್ವಕ್ಕಿರಬೇಕೆಂದು ತೀರ್ಮಾನವಾಯಿತು. ಮೇಸ್ತ್ರಿ ತನ್ನ ಊರಿನ ಮಂಜಿನಲ್ಲಿ ದಾರಿ ಹುಡುಕಲು ಬಳಸುತ್ತಿದ್ದ ಹಳೆಯ ದಿಕ್ಸೂಚಿ ತಂದ. ಅತ್ತೆಯತ್ತ ಕೈ ತೋರಿ, "ಬಾಸ್ ಹೇಳಿದ್ದು ಸರಿ. ನಿಮ್ಮ ಮನೆಯೇ ಹನ್ನೊಂದು ಡಿಗ್ರಿ ಓರೆ," ಎಂದ. ಒಲೆಯನ್ನು ತಿರುಗಿಸಲು ಗ್ಯಾಸ್ ಪೈಪ್ ಕಿತ್ತರು. ವಾರ ಹೋಯಿತು.

"ಹನ್ನೊಂದು ಡಿಗ್ರಿಯಿಂದ ಏನು ಮಹಾ ಆಗುತ್ತೆ?" ಅಂದರು ನನ್ನ ಗಂಡ, ಕ್ಯಾಲೆಂಡರ್ ನೋಡುತ್ತ.

"ಡಾಕ್ಟರೇ, ಹನ್ನೊಂದು ಡಿಗ್ರಿ ತಪ್ಪಿದ ದೋಣಿಯಲ್ಲಿ ನಮ್ಮ ಮಾವ ಮೀನು ಹಿಡಿಯಲು ಹೋಗಿ ನಾರ್ವೆಯಲ್ಲಿ ಸಂಸಾರ ಹೂಡಿದ!"

೩. ಹೆಲ್ಮೆಟ್

ಇಷ್ಟೆಲ್ಲ ತಡವಾಗುವುದು ಪಕ್ಕದ ಮನೆಯವಳ ದೃಷ್ಟಿಯಿಂದ ಎಂದು ಅತ್ತೆ ಪತ್ತೆ ಹಚ್ಚಿದರು. ಆಕೆ ಎಂಬತ್ತು ದಾಟಿದ ಮುದುಕಿ. ಕನ್ನಡಕ ಹಾಕಿಕೊಂಡರೂ ನಮ್ಮ ಮನೆ ಕಾಣುತ್ತಿರಲಿಲ್ಲ. ಇರಲಿ. ಅಂಗಡಿಯಿಂದ ಬೂದುಗುಂಬಳಕಾಯಿ ಬಂತು. ಅದಕ್ಕೆ ಕಣ್ಣು, ಹಲ್ಲು, ಹುರಿಮೀಸೆ ಬರೆದು ಸಾರವೆ ಕಂಬಕ್ಕೆ ತೂಗುಹಾಕಿದರು. ಮೇಸ್ತ್ರಿಗೆ ಆ ಮುಖ ಎಷ್ಟು ಹಿಡಿಸಿತೆಂದರೆ, ತನ್ನ ಹೆಲ್ಮೆಟ್ ತೆಗೆದು ಅದಕ್ಕೇ ತೊಡಿಸಿಬಿಟ್ಟ.

ಅಂದೇ ಕೌನ್ಸಿಲ್ಲಿನ ಇನ್ಸ್‌ಪೆಕ್ಟರ್ ಬರಬೇಕೆ! ಬರಿತಲೆಯ ಮೇಸ್ತ್ರಿಯನ್ನೊಮ್ಮೆ ನೋಡಿದರು, ಕಾಯಿಯನ್ನೊಮ್ಮೆ ನೋಡಿದರು.

"ಈ ಸೈಟಿನಲ್ಲಿ ತಲೆ ಇರುವವರು ಇವರೊಬ್ಬರೇ ಅಂತ ಕಾಣುತ್ತೆ."

೪. ಹಾಲು

ಗುರುವಾರ ಸಂಜೆ ಕೊನೆಯ ಟೈಲ್ ಕೂತಿತು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿಯೂ ಅತಿಥಿ. ಶೂ ಬಿಚ್ಚಿ ಕಾಲುಚೀಲದಲ್ಲಿ, ಹಣೆಗೆ ಅತ್ತೆ ಇಟ್ಟ ಕುಂಕುಮದೊಂದಿಗೆ ಮೂಲೆಯಲ್ಲಿ ನಿಂತಿದ್ದ. ಪಾತ್ರೆಯಲ್ಲಿ ಹಾಲು ಏರತೊಡಗಿತು. ನಾವೆಲ್ಲ ಕೈಮುಗಿದೆವು. ಅತ್ತೆ ಕಣ್ಣು ಮುಚ್ಚಿದರು. ಹಾಲು ಅಂಚಿಗೆ ಬಂತು...

ಕಾಲುಚೀಲದಲ್ಲೇ ಜಾರುತ್ತ ಮೇಸ್ತ್ರಿ ಹಾರಿಬಂದ. ಗ್ಯಾಸ್ ಆರಿಸಿ, ಪಾತ್ರೆ ಎತ್ತಿಹಿಡಿದು, "ಒಂದು ಹನಿ ಚೆಲ್ಲಲಿಲ್ಲ!" ಎಂದು ಹೆಮ್ಮೆಯಿಂದ ಸಾರಿದ. ಕೈಮುಗಿದು ಬೆಪ್ಪಾಗಿ ನಿಂತ ಮನೆಮಂದಿಯ ಹೊಸ ಒಲೆಯನ್ನು ಉಳಿಸಿದ ತೃಪ್ತಿ ಮುಖದಲ್ಲಿತ್ತು.

"ಇಡೋ ಮೇಸ್ತ್ರಿ, ಕೆಳಗಿಡೋ! ಇನ್ನ ನಾಕ ನಿಮಿಷ ಅದ ಮುಹೂರ್ತ!" ಅತ್ತೆಯ ಕೂಗಿಗೆ ಅವನಿಗೂ ಭಾಷೆ ಬೇಕಾಗಲಿಲ್ಲ.

ನನ್ನ ಗಂಡ ಗಡಿಬಿಡಿಯಲ್ಲಿ ವಿವರಿಸಿದರು. "ಚೆಲ್ಲಬೇಕೇ? ಬೇಕೆಂದೇ?" ಎಂದವನೇ ಉರಿಯನ್ನು ಪೂರ್ತಿ ತಿರುವಿದ. ಹಾಲು ಉಕ್ಕಿ ಪೂರ್ವಕ್ಕೇ ಹರಿಯಿತು. ಅತ್ತೆ ಕಣ್ಣೊರೆಸಿಕೊಂಡರು.

ಮೇಸ್ತ್ರಿ ಚೆಲ್ಲಿದ ಹಾಲನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಅಂದ: "ನಮ್ಮ ದ್ವೀಪದಲ್ಲಿ ನಾವು ಕಟ್ಟಿದ್ದೆಲ್ಲ ಯಾಕೆ ಹಾರಿಹೋಯಿತು ಅಂತ ಈಗ ಗೊತ್ತಾಯಿತು."

ಆರು ತಿಂಗಳ ಮೇಲೆ ಅಪರಿಚಿತ ಇಂಗ್ಲಿಷ್ ಹೆಂಗಸೊಬ್ಬರ ಫೋನು. ನಮ್ಮ ಅಡುಗೆಮನೆ ನೋಡಿದ ಸ್ನೇಹಿತೆಯೊಬ್ಬಳು ಅವರಿಗೆ ನಮ್ಮ ಮೇಸ್ತ್ರಿಯನ್ನು ಗೊತ್ತುಮಾಡಿಕೊಟ್ಟಿದ್ದಳಂತೆ. "ಕೆಲಸ ಬಹಳ ಚೆನ್ನಾಗಿದೆ. ಆದರೆ ಈಗ ನನ್ನ ಹೊಸ ಒಲೆಯ ಮೇಲೆ ಹಾಲಿಟ್ಟು, ಗ್ಯಾಸ್ ಮುಟ್ಟಲು ಬಿಡುತ್ತಿಲ್ಲ. ಉಕ್ಕಿದರೆ ಮಾತ್ರ ಕೆಲಸ ಮುಗಿದ ಹಾಗೆ ಅನ್ನುತ್ತಾನೆ. ಇದೇನು, ಕೌನ್ಸಿಲ್ ನಿಯಮವೇ?" ಹಿಂದಿನಿಂದ ಅವನ ದನಿ ಕೇಳುತ್ತಿತ್ತು: "ಕೈಮುಗಿಯಿರಿ, ಮೇಡಂ, ಬಂತು, ಬಂತು!"

"ಹೌದು, ನಿಯಮ," ಎಂದೆ.

ಯಾವ ಕೌನ್ಸಿಲ್ ಎಂದು ಅವರು ಕೇಳಲಿಲ್ಲ. ಧಾರವಾಡದ್ದು ಎಂದು ನಾನೂ ಹೇಳಲಿಲ್ಲ.