ಕಮಲಾಪುರದ ಜಗಳಗಂಟಿ

ನಮ್ಮ ಮೌಶಿ, ಅಂದರೆ ನನ್ನ ತಾಯಿಯ ತಂಗಿ, ರೌಡಿಗಳಿಗೆ ಆಶ್ರಯ ಕೊಡುತ್ತಾಳೆ. ಅದೂ ಎಲ್ಲಿ? ಕಲಬುರಗಿಯ ಬ್ರಹ್ಮಪುರದಲ್ಲಿ, ದೇವರ ಮನೆಯ ನೆತ್ತಿಯ ಮೇಲೆಯೇ! ಗಾಬರಿಯಾಗಬೇಡಿ. ಈ ರೌಡಿಗಳಲ್ಲಿ ಅತಿ ಭಯಂಕರನಾದವನೂ ಒಂದು ಮುಷ್ಟಿಯೊಳಗೆ ಹಿಡಿಸುತ್ತಾನೆ.

ಫಿಂಚ್ ಎಂಬ ಪುಟ್ಟ ಹಕ್ಕಿಗಳನ್ನು ನೀವೂ ನೋಡಿರಬಹುದು. ಉಳಿದವರು ಅವುಗಳಲ್ಲಿ ಸಾಧು ಜಾತಿಯವನ್ನು ಸಾಕುತ್ತಾರೆ. ಮೌಶಿಗೆ ಅವು ಸಪ್ಪೆ. ಆಕೆಗೆ ಬೇಕಾದದ್ದು ಕಟ್‌ಥ್ರೋಟ್ ಎಂಬ ಆಫ್ರಿಕಾ ಮೂಲದ ಫಿಂಚ್. ಗಂಡಿನ ಕೊರಳ ಮೇಲೆ ಯಾರೋ ಈಗಷ್ಟೇ ಚೂರಿ ಆಡಿಸಿದಂತೆ ಕೆಂಪು ಪಟ್ಟಿ. ಗುಣವೂ ಅದಕ್ಕೆ ತಕ್ಕದ್ದೇ. ಪಕ್ಕದವರ ಗೂಡಿಗೆ ನುಗ್ಗುವುದು, ಹಾಸಿದ ನಾರು ಕಿತ್ತೆಸೆಯುವುದು, ಮೊಟ್ಟೆಗಳನ್ನು ಹೊರಗೆ ದಬ್ಬುವುದು. ಸಾಕಿ ಸಾಕಾದವರು ಪಂಜರ ಸಮೇತ ತಂದು ಮೌಶಿಯ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿ ನಿವೃತ್ತಳಾದ ಆಕೆ ಅವನ್ನೆಲ್ಲ ಮಾಳಿಗೆಯ ಮೇಲೆ ತಂತಿಬಲೆ ಹೊಡೆದು ಕಟ್ಟಿದ ಜಾಳಿಮನೆಗಳಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದಾಳೆ.

ಅಲ್ಲಿ ನೀರು ಬದಲಿಸುವ ಕೆಲಸ ಭಾನುವಾರ ಭಾನುವಾರ ನನ್ನದು. ನಾನು ಜೇವರ್ಗಿ ಕಾಲೋನಿಯಲ್ಲಿ ಅಕೌಂಟ್ಸ್ ಟ್ಯೂಷನ್ ಹೇಳುವವನು, ಎತ್ತರ ಆರಡಿ. ಜಾಳಿಮನೆಯೊಳಗೆ ಹೆಲ್ಮೆಟ್ ಹಾಕಿಕೊಂಡೇ ಹೋಗುತ್ತೇನೆ. ಪಕ್ಕದ ಮನೆಯವರು ನಾನು ವೆಲ್ಡಿಂಗ್ ಮಾಡುವವನೆಂದು ತಿಳಿದು, ತಮ್ಮ ಗೇಟು ಯಾವಾಗ ರಿಪೇರಿ ಮಾಡಿಕೊಡುತ್ತೀರಿ ಎಂದು ಕೇಳಿದ್ದೂ ಉಂಟು.

ಒಂದು ದಿನ ಮೌಶಿಯ ಫೋನು ಬಂತು. "ಕಮಲಾಪುರಕ್ಕ ಹೆಣ್ಣು ನೋಡ್ಲಿಕ್ಕೆ ಹೊಂಟೀವಿ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಾ."

ಹೆಣ್ಣು ಅಲ್ಲಿನ ಕಿರಾಣಿ ಅಂಗಡಿಯ ಯಜಮಾನರ ಮನೆಯಲ್ಲಿತ್ತು. ನಮ್ಮನ್ನು ಕೂರಿಸಿ, ಆ ಊರಿನ ಕೆಂಪು ಬಾಳೆಹಣ್ಣು ಕೊಟ್ಟು, ಚಹಾ ಕೊಟ್ಟು, ಆಮೇಲೆ ಪಂಜರ ತಂದಿಟ್ಟರು. ಮೌಶಿಯ ಇಳಕಲ್ ಸೀರೆಯ ಗತ್ತಿಗೆ ಬೀಗತಿಯ ಕಳೆಯೇ ಬಂದಿತ್ತು. ಒಳಗಿದ್ದ ಹೆಣ್ಣು ನಮ್ಮ ಕಡೆ ನೋಡಿದ ರೀತಿಗೆ ನನ್ನ ಗಂಟಲಲ್ಲಿ ಬಾಳೆಹಣ್ಣು ಸಿಕ್ಕಿಕೊಂಡಿತು.

"ಭಾಳ ಜಗಳಗಂಟಿ ಅದರೀ ಇದು," ಎಂದರು ಯಜಮಾನರು, ಸಂಕೋಚದಿಂದ. "ಯಾರ ಸಂಗಾಟನೂ ಬಾಳ್ವಿ ಮಾಡಲ್ದು. ಖರೇ ಹೇಳಬೇಕಂದ್ರ ನಮಗೂ ಸಾಕಾಗ್ಯಾದ."

ಎಲ್ಲದಕ್ಕೂ ತಿರುಗಿಸಿ ಒಂದು ಮಾತು ಕೊಡುವ ಮೌಶಿ ಅಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪಂಜರವನ್ನೇ ಬಹಳ ಹೊತ್ತು ನೋಡಿ, ತಾನು ಒಯ್ಯುವುದಾಗಿ ಹೇಳಿದಳು.

ಬರುವಾಗ ಬಸ್ಸಿನಲ್ಲಿ ವಧು ನನ್ನ ತೊಡೆಯ ಮೇಲೆ. ಪಂಜರಕ್ಕೆ ಹೊದಿಸಿದ ಬಟ್ಟೆಯ ಮೂಲಕವೇ ಅವಳು ನನ್ನ ಹೆಬ್ಬೆರಳಿಗೆ ಕುಕ್ಕಿದಳು. ನಾನು ಕೂಗಿದ ಕೂಗಿಗೆ ಡ್ರೈವರ್ ಬಸ್ಸು ನಿಲ್ಲಿಸಿಬಿಟ್ಟ. ಯಾರಿಗೆ ಏನಾಯಿತೆಂದು ಕಂಡಕ್ಟರ್ ಓಡಿಬಂದರೆ, ಮೌಶಿ ಬಟ್ಟೆ ಸರಿಸಿ ಹಕ್ಕಿಯನ್ನು ತೋರಿಸಿದಳು. ಕಂಡಕ್ಟರ್ ಹಕ್ಕಿಯನ್ನು ನೋಡಿದ, ನನ್ನ ಉದ್ದಗಲ ನೋಡಿದ, ಸೀಟಿ ಊದಿದ.

ಮನೆಯಲ್ಲಿ ಜೋಡಿಯಿಲ್ಲದೆ ಉಳಿದಿದ್ದ ಒಂದು ಗಂಡಿಗೂ ಈ ಹೆಣ್ಣಿಗೂ ಮಧ್ಯೆ ಮೊದಲು ಜಾಳಿಯ ಪರದೆ. ಮುಖ ಪರಿಚಯವಾದ ಮೇಲೆ ಪರದೆ ತೆಗೆದರೆ, ಕೊರಳಿಗೆ ಕೆಂಪು ಪಟ್ಟಿ ಸುತ್ತಿಕೊಂಡ ನಮ್ಮ ವೀರ ಜೀವ ಉಳಿದರೆ ಸಾಕೆಂದು ಮೂಲೆಯಿಂದ ಮೂಲೆಗೆ ಓಡಿದ! ಅವನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು. ಹೆಣ್ಣನ್ನು ಕಮಲಾಪುರಕ್ಕೆ ವಾಪಸು ಕಳಿಸಿಬಿಡೋಣ ಎಂದೆ. ಮೌಶಿ ನನ್ನನ್ನು ನೋಡಿದ ನೋಟ ಹೆಣ್ಣುಹಕ್ಕಿಯದಕ್ಕಿಂತ ತೀಕ್ಷ್ಣವಾಗಿತ್ತು.

ಆಕೆ ಮಾಡಿದ್ದೇ ಬೇರೆ. ಎಲ್ಲಕ್ಕಿಂತ ದೊಡ್ಡ ಜಾಳಿಮನೆಯನ್ನು ಖಾಲಿ ಮಾಡಿಸಿ ಇಬ್ಬರಿಗೇ ಬಿಟ್ಟುಕೊಟ್ಟಳು. ಆ ತುದಿಗೊಂದು, ಈ ತುದಿಗೊಂದು ಗೂಡಿನ ಪೆಟ್ಟಿಗೆ. ನಡುವೆ ಒಣಹುಲ್ಲಿನ ಕಟ್ಟುಗಳು, ಒಬ್ಬರಿಗೊಬ್ಬರು ಬೇಡವೆನಿಸಿದಾಗ ಮರೆಯಾಗಲಿಕ್ಕೆ. ಎಲ್ಲವನ್ನೂ ಹೊತ್ತು ಮೇಲೆ ಸಾಗಿಸಿದವನು ಯಾರೆಂದು ಬೇರೆ ಹೇಳಬೇಕೆ?

ಓಡಾಟ ನಿಧಾನವಾಗಿ ತಗ್ಗಿತು. ಒಂದು ಭಾನುವಾರ ಹೆಣ್ಣು ತೆಂಗಿನ ನಾರು ಕಚ್ಚಿಕೊಂಡು ಪೆಟ್ಟಿಗೆಗೆ ಹೋಗುತ್ತಿತ್ತು. ಆಮೇಲೆ ಮೊಟ್ಟೆಗಳಾದವು, ಗಂಡೂ ಸರದಿಯ ಮೇಲೆ ಕಾವಿಗೆ ಕುಳಿತ. ಕೊನೆಗೊಂದು ಬೆಳಗ್ಗೆ ಪೆಟ್ಟಿಗೆಯೊಳಗಿಂದ ಮರಿಗಳ ಸಣ್ಣ ದನಿ ಕೇಳಿಬಂತು.

"ಅಂತೂ ಜಗಳಗಂಟಿ ಸುಧಾರಿಸಿದ್ಲು ನೋಡು," ಎಂದೆ ನಾನು, ದೊಡ್ಡ ತಜ್ಞನಂತೆ.

"ಆಕಿ ಏನೂ ಸುಧಾರಿಸಿಲ್ಲೋ. ಹೆಂಗಿದ್ಲೋ ಹಂಗೇ ಇದ್ದಾಳ," ಎಂದಳು ಮೌಶಿ. ಕೈಯಲ್ಲಿದ್ದ ಕಾಳಿನ ಬಟ್ಟಲನ್ನು ಕೆಳಗಿಟ್ಟಳು. "ಒಂದು ಮೂಲಿ ಬೇಕಾಗಿತ್ತು ಆಕಿಗೆ, ಅಷ್ಟೇ. ನನ್ನ ಕೊಟ್ಟ ಮನಿಯೊಳಗ ಕಣ್ಣೀರು ಒರಸ್ಕೊಳ್ಳಿಕ್ಕೂ ಒಂದು ಮೂಲಿ ಇರಲಿಲ್ಲ. ಇದ್ದಿದ್ರ ನಾನೂ ಬಾಳ್ವಿ ಮಾಡ್ತಿದ್ದೆನೋ ಏನೋ."

ಮೌಶಿ ಮದುವೆಯಾದ ವರ್ಷದೊಳಗೇ ತವರಿಗೆ ತಿರುಗಿ ಬಂದವಳು. ಆಕೆಯ ಬಾಯಿ ಜೋರು, ಅದಕ್ಕೇ ಬಾಳಲಿಲ್ಲ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾವೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಅಲ್ಲಿ ನಿಜಕ್ಕೂ ಏನು ನಡೆಯಿತೆಂದು ಆಕೆಯನ್ನು ಯಾರೂ ಕೇಳಿರಲಿಲ್ಲ.

ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. "ಆ ಮನಿಯೊಳಗ ಏನಾಗಿತ್ತು, ಮೌಶಿ?"

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಹೇಳಲು ಶುರುಮಾಡಿದಳು. ಮಾಳಿಗೆಯ ಮೇಲೆ ಬಿಸಿಲು ಏರಿ ಕಾಲು ಸುಡತೊಡಗಿದರೂ ನಾವಿಬ್ಬರೂ ಏಳಲಿಲ್ಲ.