ಬಂದ್ ಮಾಡಬಾರದ ಕಾರು

ಹೆತ್ತ ತಾಯಿಯೊಡನೆ ಸೇರಿ ಯಾವ ಕೆಲಸ ಬೇಕಾದರೂ ಮಾಡಬಹುದು. ಆ ಕೆಲಸಕ್ಕೆ ತಾನು ಯಜಮಾನ ಎಂದು ಮಾತ್ರ ತಿಳಿದುಕೊಳ್ಳಬಾರದು. ಈ ತಿಳಿವಳಿಕೆ ನನಗೆ ಬರಲು ಒಂದು ಹಳೆಯ ಕಾರು ಬೇಕಾಯಿತು. ಭಾನುವಾರ ಬೆಳಗಾದರೆ ಊರಿಗೆ ಊರೇ ಟೀವಿ ಇದ್ದವರ ಪಡಸಾಲೆಯಲ್ಲಿ ಕೂತಿರುತ್ತಿದ್ದ ಕಾಲವದು. ನಾನು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಬೇಡಕಿಹಾಳದ ನಮ್ಮ ಮನೆಯ ಹಿತ್ತಲ ಛಪ್ಪರದಲ್ಲಿ ಅಜ್ಜ ಕೊಂಡಿದ್ದ ಕರಿ ವಿಲಾಯತಿ ಕಾರೊಂದು ನಿಂತಿತ್ತು. ಅವ್ವ ಮದುಮಗಳಾಗಿ ಈ ಮನೆಗೆ ಬಂದದ್ದು ಅದರಲ್ಲೇ. ಅಪ್ಪ ತೀರಿಕೊಂಡ ಮೇಲೆ ಅದನ್ನು ಓಡಿಸುವವರಿರಲಿಲ್ಲ. ಬಾನೆಟ್ಟಿನ ಮೇಲೆ ಸೆಗಣಿ ಕುಳ್ಳು ಒಣಗುತ್ತಿತ್ತು. ಹಿಂದಿನ ಸೀಟಿನಲ್ಲಿ ಎಮ್ಮೆಯ ಹತ್ತಿಕಾಳಿನ ಚೀಲ ಸಾಹುಕಾರನಂತೆ ಒರಗಿಕೊಂಡಿತ್ತು.

ಒಂದು ದಿನ ಕಾಗವಾಡದ ಆಚೆಯ ಅನಂತಪುರದಿಂದ ಮಾವ, ಎಂದರೆ ಅವ್ವನ ಅಣ್ಣ, ಮಗಳ ಮದುವೆಗೆ ಕರೆಯಲು ಬಂದ. ಚಹಾ ಕುಡಿಯುತ್ತ ಹಿತ್ತಲಿಗೆ ಕಣ್ಣು ಹಾಯಿಸಿ, "ತಂಗಿ, ಆ ಡಬ್ಬಿ ಗುಜರಿಗೆ ಹಾಕ. ಲಗ್ನಕ್ಕ ನಿನಗ ಜೀಪ ಕಳಸ್ತೇನಿ" ಎಂದ. ಅವ್ವ ಅವನ ಕೈಯಿಂದ ಕಪ್ಪು-ಬಸಿ ಇಸಿದುಕೊಂಡಳು. "ಬಂದ್ರ ನಮ್ಮ ಮನಿ ಗಾಡ್ಯಾಗ ಬರ್ತೇನಣ್ಣಾ. ಇಲ್ಲಾಂದ್ರ ನೀ ಅಲ್ಲಿಂದ ಹುಡುಗಿಗೆ ಅಕ್ಕಿಕಾಳು ಒಗಿ, ನಾ ಇಲ್ಲಿಂದ ಒಗೀತೇನಿ." ಮಾವ ನಕ್ಕ. ನಾನೂ ನಕ್ಕೆ. ಅವ್ವ ನಗಲಿಲ್ಲ. ಆ ಮದುವೆಗೆ ಅವ್ವ ಹೋಗುವುದೂ ಬಿಡುವುದೂ ಇನ್ನು ಆ ಕಾರಿನ ಮೇಲೆಯೇ ನಿಂತಿತು ಎಂದು ನನಗೆ ಗೊತ್ತಾಯಿತು.

ಎಂಜಿನ್ನನ್ನು ನಿಪ್ಪಾಣಿಯ ಮೇಸ್ತ್ರಿಯೊಬ್ಬ ಬಂದು ಹೇಗೋ ಕೆಮ್ಮಿಸಿ ಹೋದ. ಉಳಿದದ್ದೆಲ್ಲ ನಮ್ಮಿಬ್ಬರ ಪಾಲು. ನಾನು ಆಫೀಸಿನಿಂದ ಬಂದು ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದರೊಳಗೆ ಅವ್ವ ಅರ್ಧ ಕೆಲಸ ಅಡುಗೆಮನೆಯ ರೀತಿಯಲ್ಲಿ ಮುಗಿಸಿರುತ್ತಿದ್ದಳು. ಬಂಪರಿಗೆ ಹುಣಸೆಹಣ್ಣು, ಬೂದಿ. ಹರಿದ ಸೀಟುಗಳಿಗೆ ಹಳೆಯ ಸೀರೆ, ಅಪ್ಪನ ಧೋತರ ಸೇರಿಸಿ ಹೊಲಿದ ಕೌದಿ. ಎಷ್ಟು ಮೆತ್ತಗಿತ್ತೆಂದರೆ, ಮತ್ತೊಮ್ಮೆ ಬಂದಾಗ ಕೂತು ನೋಡಿದ ಮೇಸ್ತ್ರಿ ಅಲ್ಲೇ ನಿದ್ದೆ ಹೋದ. ಪೆಟ್ರೋಲ್ ಟಾಕಿಯ ತಳದಲ್ಲಿ ಸಣ್ಣ ತೂತಿತ್ತು. ಅಲ್ಲಿ ಬೆಸುಗೆಯ ಬೆಂಕಿ ಹಿಡಿಯಲು ಮೇಸ್ತ್ರಿ ಹೆದರಿದ. "ಸೋರೂ ಕೊಡಕ್ಕ ನಮ್ಮವ್ವ ಬೆಲ್ಲ-ಸುಣ್ಣ ಮೆತ್ತತಿದ್ಲು. ಕೊಡ ಆದ್ರೇನ, ಟಾಕಿ ಆದ್ರೇನ?" ಎಂದು ಅವ್ವ ಮೆತ್ತಿಯೇಬಿಟ್ಟಳು. ಸೋರುವುದು ನಿಂತಿತು. ಮರುದಿನ ಬೆಳಗ್ಗೆ ನೋಡಿದರೆ ಊರಿನ ಇರುವೆಗಳೆಲ್ಲ ಸಾಲುಗಟ್ಟಿ ಕಾರು ಹತ್ತುತ್ತಿದ್ದವು. "ಇದೇನವ್ವಾ!" ಎಂದರೆ, "ಇರುವಿ ಹತ್ಯಾವಂದ್ರ ಬೆಲ್ಲ ಚೊಲೋದೈತಿ ಅಂತ ತಿಳ್ಕೊ" ಎಂದಳು. ಇನ್ನಷ್ಟು ಇರುವೆ ಹತ್ತದಂತೆ ನಾಲ್ಕೂ ಗಾಲಿಗಳ ಸುತ್ತ ಅರಿಸಿನದ ಗೆರೆ ಎಳೆದಳು. ಪೂಜೆ ನಡೆದಿದೆ ಎಂದುಕೊಂಡು ಹಾದಿಯಲ್ಲಿ ಹೋಗುವವರು ಕೈಮುಗಿದರು.

ಎರಡು ಕೊರತೆ ಮಾತ್ರ ನೀಗಲಿಲ್ಲ. ಬ್ಯಾಟರಿ ಮುದಿ, ನಾಲ್ಕು ಮಂದಿ ದೂಡದೆ ಕಾರು ಚಾಲೂ ಆಗದು. ಚಾಲೂ ಆದ ಮೇಲೆ ಎಕ್ಸಿಲೇಟರಿನಿಂದ ಕಾಲು ತೆಗೆದರೆ ಎಂಜಿನ್ ನಿಂತೇಹೋಗುತ್ತದೆ. ಅಷ್ಟರಲ್ಲಿ ಮೇಸ್ತ್ರಿಯಿಂದ ಓಡಿಸುವುದು ಕಲಿತಿದ್ದ ನಾನು ಮದುವೆಯ ಬೆಳಗ್ಗೆ ಸ್ಟೇರಿಂಗ್ ಹಿಡಿದೆ, ನೆರೆಮನೆಯವರು ದೂಡಿಕೊಟ್ಟರು. ಚಿಕ್ಕೋಡಿ ದಾಟಿ, ಹೊಳೆ ದಾಟಿ, ಕಾಗವಾಡವನ್ನೂ ದಾಟಿದೆವು. ಕೌದಿಯ ಮೇಲೆ ನಾನು ತೂಕಡಿಸಿದಾಗಲೆಲ್ಲ ಅವ್ವ ತೊಡೆಗೆ ಚಿವುಟುತ್ತಿದ್ದಳು. ಅನಂತಪುರದ ಹಂದರದ ಮುಂದೆ, ಎಂಜಿನ್ ಓಡುತ್ತಿರುವಂತೆಯೇ, ಕಾರು ನಿಲ್ಲಿಸಿದೆ. ಅವ್ವ ಸೆರಗು ಸರಿಪಡಿಸಿಕೊಂಡು ಇಳಿಯುವ ಮುಂಚೆ ನನ್ನ ಕಿವಿಯಲ್ಲಿ, "ಬಂದ್ ಮಾಡಬ್ಯಾಡ. ಅಣ್ಣನ ಬಾಗಲದಾಗ ದೂಡಿಸ್ಕೊಳ್ಳೂ ಹಂಗಾದ್ರ ನನ್ನ ಮಾನ ಹೋಗತೈತಿ" ಎಂದಳು.

ಒಳಗೆ ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದವು. ಹೊರಗೆ ನಾನು ಎಕ್ಸಿಲೇಟರಿನ ಮೇಲೆ ಕಾಲೊತ್ತಿ ಕೂತಿದ್ದೆ. ಗಂಡಿನ ಕಡೆಯವರು ಮಿರಜದವರು. ಅವರ ಹಿರಿಯನೊಬ್ಬ ತಾಟು ಹಿಡಿದು ಬಂದು, "ಡ್ರೈವರ್ ಸಾಹೇಬ, ಜೇವಣ ಝಾಲ ಕಾ, ಊಟ ಆತೇನ? ಇಲ್ಲೇ ಉಣ್ಣರಿ" ಎಂದು ಕಿಟಕಿಯಲ್ಲಿ ಹೋಳಿಗೆ ಇಟ್ಟ. ಅಷ್ಟರಲ್ಲಿ ಅವ್ವ ಬಂದಳು. ಮಗ ಎಂದರೆ ನನ್ನನ್ನು ಒಳಗೆ ಪಂಕ್ತಿಗೆ ಎಳೆಯುತ್ತಾರೆ, ಎಂಜಿನ್ ನಿಲ್ಲುತ್ತದೆ. ಅವಳು ಕ್ಷಣವೂ ತಡೆಯಲಿಲ್ಲ. "ಹೌದ್ರಿ, ನಮ್ಮ ಡ್ರೈವರ. ಹೊಸಬಾ ಅದಾನ, ಆದ್ರ ಕಾಲು ಗಟ್ಟಿ ಐತಿ."

ಮಾವ ಕಾರಿನ ಸುತ್ತ ಒಂದು ಸುತ್ತು ಬಂದ. ಬಂಪರಿನಲ್ಲಿ ತನ್ನ ಮೀಸೆ ನೋಡಿಕೊಂಡ. ಕೌದಿಯ ಮೇಲೆ ಕೈಯಾಡಿಸಿದ. ಅಪ್ಪನ ಧೋತರದ ಅಂಚು ಗುರುತು ಸಿಕ್ಕಿತೋ ಏನೋ, ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. "ತಂಗಿ," ಎಂದ ಮೆಲ್ಲಗೆ, "ಹುಡುಗಿನ್ನ ಇದರಾಗ ಕಳಸೂಣೇನ?" ಅವ್ವ ಹಿಂದಿನ ಬಾಗಿಲು ತೆಗೆದು ನಿಂತಳು. ಕಣ್ಣು ಮಾತ್ರ ಒದ್ದೆ.

ಮಾವನಾಗಲಿ ಮದುಮಗಳಾಗಲಿ ಅವ್ವನ ಗುಟ್ಟು ಒಡೆಯಲಿಲ್ಲ; ಮದುಮಕ್ಕಳನ್ನು ಮಿರಜದಲ್ಲಿ ಇಳಿಸಿದಾಗ ನನಗೆ ಆಯೇರಿಯ ಉಡುಗೊರೆ ಸಿಕ್ಕಿತು. ಬೀಗರ ಸೋದರಳಿಯನ ತಲೆಗೆ ಸುತ್ತುವ ಪಟಗಾ ಅಲ್ಲ, ಡ್ರೈವರನಿಗೆ ಕೊಡುವ ಟಾವೆಲ್ಲು, ತೆಂಗಿನಕಾಯಿ. ಅಂದಿನಿಂದ ಆ ಕಡೆಯ ಲಗ್ನಪತ್ರಿಕೆಗಳು ಅವ್ವನ ಹೆಸರಿಗೆ ಬರುತ್ತಲೇ ಇವೆ. ಅಂಚಿನಲ್ಲಿ ಕೈಬರಹ: ಅದೇ ಡ್ರೈವರನನ್ನು ಕಳಿಸಿರಿ. ಆಫೀಸಿನಲ್ಲಿ ರಜೆಗೆ ಕಾರಣ ಕೇಳಿದರೆ, ಮನೆಯ ಮದುವೆ ಎಂದು ಸಾಹೇಬರಿಗೆ ಹೇಳುತ್ತೇನೆ. ಯಾರ ಮನೆಯದೆಂದು ಅವರು ಇನ್ನೂ ಕೇಳಿಲ್ಲ. ಕೇಳಿದರೆ ಅವ್ವನನ್ನೇ ಕೇಳಿ ಹೇಳಬೇಕು.