ಆರಿಸಿದ ಕೂಡಲೇ ಎಲ್ಲ ಮರೆಯುವ ಸಿ.ಡಿ.ಯವರಿಗೆ, ಅಕ್ಕನ ಮದುವೆಯ ಚಿತ್ರಮಾಲೆಯ ವಿಷಯವಾಗಿ

ಮಾನ್ಯರೇ,

ಹೊಳೆಯುವ ಮುಖದವರೂ, ನಟ್ಟನಡುವೆ ತೂತುಳ್ಳವರೂ, ನನ್ನ ಮೇಜಿನ ಡ್ರಾಯರಿನಲ್ಲಿ ಸತ್ತ ಬ್ಯಾಟರಿಗಳ ಸಹವಾಸದಲ್ಲಿ ಇಷ್ಟು ಕಾಲ ಮೌನವ್ರತ ಆಚರಿಸಿದವರೂ ಆದ ಕೆಟ್ಟ ಕಂಪ್ಯೂಟರನ್ನು ಎಬ್ಬಿಸುವ ತುರ್ತು ರಕ್ಷಣೆಯ ಬೂಟಬಲ್ ಸಿ.ಡಿ.ಯವರ ಸನ್ನಿಧಾನಕ್ಕೆ, ತೈನಾನ್ ಸೀಮೆಯ ಮಾದೋ ಪಟ್ಟಣದ ಲಿಯೆನ್ ಬೋ-ಯೆನ್ ಎಂಬ ಅಲ್ಪಮತಿಯು ಮಾಡಿಕೊಳ್ಳುವ ಅಹವಾಲು. ತಾವು ಕ್ಷೇಮವೆಂದು ನಂಬಿದ್ದೇನೆ. ಮೈಮೇಲೆ ಹೊಸ ಗೀರು ಕಂಡರೆ ಅದು ನನ್ನ ಉಗುರಿನದು, ಕೈತಪ್ಪಿ ಆದದ್ದಲ್ಲ.

ನಮ್ಮ ದೊಡ್ಡಮ್ಮನ ಮಗಳು ಪೇಯ್-ರುಂಗ್ ಅಕ್ಕನ ಮದುವೆಯ ಬೆಳಿಗ್ಗೆ, ಅವಳ ತೊಟ್ಟಿಲಿನಿಂದ ಈಚಿನ ಎಲ್ಲ ಫೋಟೋಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮನೆಯ ಕಂಪ್ಯೂಟರು ಏಳಲೊಲ್ಲೆನೆಂದು ಮುಖ ಕಪ್ಪಗೆ ಮಾಡಿ ಕೂತಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅವುಗಳಲ್ಲಿ ಆಯ್ದವು ಪರದೆಯ ಮೇಲೆ ಸಾಲಾಗಿ ಮೂಡಬೇಕಿತ್ತು; ಆ ಆಯುವ ಕೆಲಸವನ್ನು ನಾನು ಅದೇ ಬೆಳಗಿನವರೆಗೆ ಭಕ್ತಿಯಿಂದ ಮುಂದೂಡಿಕೊಂಡು ಬಂದಿದ್ದೆ. ಹಿಂದೊಮ್ಮೆ ದೊಡ್ಡಮ್ಮನ ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚಿ ಬದುಕಿಸಿದಂದಿನಿಂದ ನಾನು ವಂಶಕ್ಕೆಲ್ಲ ಯಂತ್ರವೈದ್ಯನಾದ್ದರಿಂದ, ಯಾರೂ ಬೇರೆಯವರನ್ನು ಕರೆಸುವ ಬುದ್ಧಿವಂತಿಕೆ ತೋರಲಿಲ್ಲ. ಅಕ್ಕ ಮಾತ್ರ ಅರ್ಧ ಬಳಿದ ಹುಬ್ಬಿನಲ್ಲೇ ಬಂದು, "ಲೋ, ಆ ಟ್ರಂಪೆಟ್ ಊದೋನ ಫೋಟೋ ಒಂದೇ ಒಂದು ಪರದೆ ಮೇಲೆ ಬಂತೋ, ನಮ್ಮತ್ತೆ ಎದುರಿಗೆ ನನ್ನ ಮಾನ ಹೋಯ್ತು ಅಂತ ತಿಳ್ಕೋ. ಮದುವೆ ಇರ್ಲಿ, ನಿನ್ನ ತಿಥಿ ಮೊದಲು ಆಗುತ್ತೆ" ಎಂದಳು. ಕಾಲೇಜಿನ ಬ್ಯಾಂಡಿನಲ್ಲಿದ್ದ ಆ ಸುಂದರಾಂಗನ ವಿಷಯ ವರನ ತಾಯಿಯ ಕಿವಿಗೆ ಬಿದ್ದಿರಲಿಲ್ಲ. ಆಕೆ ಸೂಪಿನಲ್ಲಿ ಉಪ್ಪು ಹೆಚ್ಚಾದರೂ ಸೊಸೆಯ ಕುಲಶೀಲ ವಿಚಾರಿಸುವವರು.

ಆಗಲ್ಲವೇ ತಾವು ದರ್ಶನವಿತ್ತದ್ದು! ಕಂಪ್ಯೂಟರು ಎಚ್ಚರಗೊಂಡ ಗಳಿಗೆಯಲ್ಲಿ ತನ್ನ ಹಾರ್ಡ್ ಡಿಸ್ಕಿನ ಕಡೆ ನೋಡುವ ಮೊದಲೇ, ಒಂದು ಗುಂಡಿಯೊತ್ತಿ "ಇತ್ತ ನೋಡು" ಎಂದು ತಮ್ಮನ್ನು ತೋರಿಸಿದೆ. ಬೀದಿಯಲ್ಲಿ ಔತಣ ಬಡಿಸುವ ನಮ್ಮ ಅಡುಗೆ ಯಜಮಾನರು ಶುಯಿ-ಲಾಯಿ ಅವರು ಯಾರ ಮನೆಯ ಅಡುಗೆಕೋಣೆಗೂ ಕಾಲಿಡದೆ, ತಮ್ಮದೇ ಒಲೆ, ತಮ್ಮದೇ ಕಡಾಯಿ, ತಮ್ಮದೇ ಡೇರೆ ತಂದು ರಸ್ತೆಯ ಮೇಲೇ ಮೀನು ಬೇಯಿಸುತ್ತಾರಲ್ಲ, ಹಾಗೆ ತಾವು ಮನೆಯೊಳಗಿನ ಹಳೆಯ ಯಜಮಾನನನ್ನು ಎಬ್ಬಿಸುವ ಗೋಜಿಗೇ ಹೋಗದೆ, ಕಂಪ್ಯೂಟರಿನ ತಾತ್ಕಾಲಿಕ ನೆನಪೆಂಬ ಬಯಲಿನಲ್ಲಿ ಡೇರೆ ಹೊಡೆದು ಸಂಸಾರ ಹೂಡಿದಿರಿ. ಫೋಟೋಗಳೆಲ್ಲ ಜೀವಂತ! ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನು ಓದಬಹುದು, ಏನನ್ನೂ ಬರೆಯುವ ಹಾಗಿಲ್ಲ ಎಂಬ ತಮ್ಮ ಶಿಸ್ತಿಗೆ ತಲೆಬಾಗಿ, ಟ್ರಂಪೆಟ್ಟಿನವನನ್ನು ಪೂರ್ತಿ ಜಾಲಾಡಿ ತೆಗೆದು, ಅಂದವಾದ ಚಿತ್ರಮಾಲೆ ಕಟ್ಟಿ, ತಮ್ಮ ಡೇರೆಯಲ್ಲೇ ಉಳಿಸಿದೆ. ಡೇರೆ ಎತ್ತುವ ಮೊದಲು ಮಿಕ್ಕ ಮೀನನ್ನು ಚೀಲಕ್ಕೆ ಕಟ್ಟಿಕೊಳ್ಳಬೇಕೆಂದು ನಮ್ಮೂರಿನ ಪ್ರತಿ ಮುದುಕಿಗೂ ಗೊತ್ತು. ಪೆನ್ ಡ್ರೈವ್ ಎಂಬ ಚೀಲ ನನ್ನ ಜೇಬಿನಲ್ಲೇ ಇತ್ತು.

ಅಷ್ಟರಲ್ಲಿ ನನ್ನ ಕಣ್ಣು ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಹಸಿರು ಪೊಟ್ಟಣದತ್ತ ಹೋಯಿತು. 'ಜಾಣಮರಿ, ಹಟ ಮಾಡಬೇಡ' ಎಂಬರ್ಥದ ಹೆಸರಿನ ಆ ತೆಂಗಿನ ಕುರುಕಲನ್ನು ಯಂತ್ರದ ಮೇಲಿಡದೆ ಇಲ್ಲಿ ಆಸ್ಪತ್ರೆಯೂ ನಡೆಯದು, ಬ್ಯಾಂಕೂ ನಡೆಯದು. ನೋಡಿದರೆ ಪೊಟ್ಟಣದ ಅವಧಿ ಮುಗಿದು ಹೋಗಿತ್ತು! "ಅಯ್ಯೋ, ಹಳಸಿದ ಕಾವಲುಗಾರನ್ನ ಕೂರಿಸಿದ್ರೆ ಯಂತ್ರ ಕೆಡದೆ ಇನ್ನೇನಾಗುತ್ತೋ! ಆರಿಸಿ ಬದಲಾಯ್ಸು, ಚಾಲೂ ಇರೋವಾಗ ತೆಗೆದ್ರೆ ಅದಕ್ಕೆ ಸಿಟ್ಟು ಬರುತ್ತೆ" ಎಂದು ದೊಡ್ಡಮ್ಮ ಹೊಸ ಪೊಟ್ಟಣಕ್ಕೆ ಓಡಿದರು. ನಾನಾದರೋ ಶಾಸ್ತ್ರ ಬಲ್ಲವನು. ಅತ್ಯಂತ ವಿನಯದಿಂದ ಕಂಪ್ಯೂಟರನ್ನು ಆರಿಸಿದೆ. ತಾವು ಟ್ರೇ ಎಂಬ ನಾಲಿಗೆ ಚಾಚಿ, ನನ್ನನ್ನು ಅಣಕಿಸಿ, ಹೊರಬಂದಿರಿ.

ಹೊಸ ಪೊಟ್ಟಣ ಕೂರಿಸಿ ಮತ್ತೆ ತಮ್ಮನ್ನು ಒಳಗಿಟ್ಟಾಗ, ಆಹಾ, ತಮ್ಮ ಮುಖದಲ್ಲಿ ಎಂಥ ನಿರ್ಮಲ ಭಾವ! ನನ್ನನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ, ಭಾಷೆ ಯಾವುದು ಬೇಕೆಂದು ಮೊದಲಿನಿಂದ ಕೇಳಿದಿರಿ. ಚಿತ್ರಮಾಲೆ ನೀರಲ್ಲಿ ಹೋಮ.

ಬೀದಿಯಲ್ಲಿ ಆಗಲೇ ಮೊದಲ ತಟ್ಟೆ ಬಡಿಸಿಯಾಗಿತ್ತು. ಬೇರೆ ದಾರಿ ಕಾಣದೆ ಕಂಪ್ಯೂಟರನ್ನೇ ಊಟದ ಡೇರೆಗೆ ಹೊತ್ತೊಯ್ದು, ತಮ್ಮನ್ನು ಹಚ್ಚಿ, ಆಯದ ಫೋಟೋಗಳನ್ನೇ ಒಂದರ ಹಿಂದೊಂದು ಪರದೆಗೆ ಬಿಟ್ಟೆ. ಟ್ರಂಪೆಟ್ಟಿನವನು ಬಂದ ಕೂಡಲೇ ಪ್ರೊಜೆಕ್ಟರಿಗೆ ಅಡ್ಡ ನಿಲ್ಲುವುದೆಂದು ನನ್ನ ಯುದ್ಧತಂತ್ರ. ಬಂದ, ಅಕ್ಕನ ಹೆಗಲ ಮೇಲೆ ಕೈಹಾಕಿಕೊಂಡು. ಹಾರಿ ನಿಂತೆ. ನಾನು ತೊಟ್ಟಿದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾನ್ಯರೇ. ಪರದೆಯ ಮೇಲೆ ಮಸುಕಾಗಿ ಬೀಳಬೇಕಿದ್ದ ಆ ಮುಖ ನನ್ನ ಬೆನ್ನಿನ ಮೇಲೆ ಪಿಂಪಲ್ಲಿನ ಸಮೇತ ಮೂಡಿತು.

"ಯಾರೋ ಅದು, ರಾಜಕುಮಾರನ ಹಾಗಿದಾನೆ?" ಎಂದು ವರನ ಅಜ್ಜಿ ಚಮಚ ಎತ್ತಿ ಕೇಳಿದರು. ವರನ ತಾಯಿ ಸೂಪಿನ ಬಟ್ಟಲು ಕೆಳಗಿಟ್ಟರು, ಅಷ್ಟೇ. ಅಕ್ಕನ ಮುಖ ಸುಣ್ಣವಾಯಿತು. ಆಗ ನಮ್ಮ ಭಾವ, ಅಂದರೆ ವರ, ಬಾಯಲ್ಲಿದ್ದ ಸಿಗಡಿ ನುಂಗಿ, ಎದ್ದು ನಿಂತು ಕೂಗಿದರು: "ಬೋ-ಯೆನ್, ಸ್ವಲ್ಪ ಪಕ್ಕಕ್ಕೆ ಸರೀತೀಯೇನಪ್ಪಾ? ಅವನ ಪಕ್ಕ ಇರೋಳು ಕಾಣಿಸ್ತಾ ಇಲ್ಲ."

ಸರಿದೆ. ಅಕ್ಕ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಹುಬ್ಬಿನ ಬಣ್ಣವಂತೂ ಕೆನ್ನೆಗಿಳಿಯಿತು. ಭಾವ ಅವಳ ಬಟ್ಟಲಿಗೆ ಸಿಗಡಿ ಸುಲಿದು ಹಾಕುತ್ತ ಮಿಕ್ಕ ಫೋಟೋಗಳನ್ನೆಲ್ಲ ಬಾಯ್ಬಿಟ್ಟುಕೊಂಡು ನೋಡಿದರು.

ಆದ್ದರಿಂದ ತಮ್ಮ ಮೇಲಿನ ದೂರನ್ನು ಹಿಂಪಡೆಯಲೋ, ಇಮ್ಮಡಿಗೊಳಿಸಲೋ ಎಂಬ ಗೊಂದಲದಲ್ಲಿರುವ,

ತಮ್ಮ ವಿಶ್ವಾಸಿ,
ಲಿಯೆನ್ ಬೋ-ಯೆನ್, ಮಾಜಿ ಯಂತ್ರವೈದ್ಯ

ತಾ.ಕ.: ಆರಿಸಿದೊಡನೆ ಸಕಲವನ್ನೂ ಮರೆಯುವ ತಮ್ಮ ದಿವ್ಯಗುಣವನ್ನು ಭಾವನ ತಾಯಿಗೆ ಒಂದು ಚಮಚದಷ್ಟಾದರೂ ದಯಪಾಲಿಸಬೇಕೆಂದು ಅಕ್ಕನ ಕೋರಿಕೆ. ಅವರನ್ನು ಆರಿಸುವ ಗುಂಡಿ ಎಲ್ಲಿದೆಯೆಂದು ಭಾವನೂ ಮೂವತ್ತು ವರ್ಷಗಳಿಂದ ಹುಡುಕುತ್ತಿದ್ದಾರಂತೆ.